ಮಳೆಗಾಲವಿಲ್ಲದ ನಕಾಶೆ

ಊರು ಬೆಳೆಯಿತು ಎಂದು ನಾವು ದಿನವೂ ಆಡಿಕೊಳ್ಳುತ್ತೇವೆ. ಎಷ್ಟು ಬೆಳೆಯಿತು, ಯಾವ ದಿಕ್ಕಿಗೆ ಬೆಳೆಯಿತು, ಬೆಳೆಯುವಾಗ ಏನನ್ನು ಮುಚ್ಚಿ ಮೇಲೆದ್ದಿತು ಎಂದು ಯಾರಾದರೂ ಕೇಳಿದರೆ ಮಾತ್ರ ಮಾತು ತಡವರಿಸುತ್ತದೆ. ಕಣ್ಣೆದುರಿಗೇ ದಿನಕ್ಕಿಷ್ಟು ಆಗುವ ಬದಲಾವಣೆ ಕಣ್ಣಿಗೆ ಬೀಳದು. ನೋಡಬೇಕೆಂದರೆ ತುಸು ದೂರ ಸರಿಯಬೇಕು. ಹಳೆಯ ನಕಾಶೆ ನಮ್ಮನ್ನು ಕಾಲದಲ್ಲಿ ದೂರ ಒಯ್ಯುತ್ತದೆ, ಉಪಗ್ರಹದ ಚಿತ್ರ ಆಕಾಶದಲ್ಲಿ ದೂರ ಒಯ್ಯುತ್ತದೆ. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡುವ ವಿದ್ಯೆ ಇಂದು ಎಲ್ಲರ ಕೈಗೂ ಎಟುಕಿದೆ. ಹಾಗೆ ನೋಡಿದಾಗ ನಮಗೆ ಕಾಣುವುದು ನಮ್ಮ ಊರೇ, ಅಥವಾ ಊರಿನ ಒಂದು ಮಗ್ಗುಲು ಮಾತ್ರವೇ?

ಬೆಂಗಳೂರಿನ ಕಥೆಯಿಂದ ಹೊರಡೋಣ. ನಮ್ಮ ನಾಡಿನಲ್ಲಿ ಈ ವಿದ್ಯೆಗೆ ಅಷ್ಟು ದೊಡ್ಡ ಒರೆಗಲ್ಲು ಬೇರೊಂದಿಲ್ಲ. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಕೋಟೆಯನ್ನು ಹಿಡಿದಾಗ ಇಂಗ್ಲಿಷರು ಬರೆದ ನಕಾಶೆಯಲ್ಲಿ ಕೆಂಪೇಗೌಡರ ಪೇಟೆ ಇದೆ, ಅದಕ್ಕೆ ತಾಗಿ ತೆಂಕಣ ದಿಕ್ಕಿಗೆ ಮೊಟ್ಟೆಯಾಕಾರದ ಕೋಟೆ ಇದೆ. ಊರನ್ನು ಗೆಲ್ಲಲು ಬಂದವನು ಅದನ್ನು ಎಷ್ಟು ಎಚ್ಚರದಿಂದ ನೋಡಿದನೋ, ಅಷ್ಟು ಎಚ್ಚರದಿಂದ ಅದರಲ್ಲಿ ಬಾಳಿದವರು ನೋಡಿದ್ದರೆ ಎಂಬ ಪ್ರಶ್ನೆ ಆ ನಕಾಶೆಯನ್ನು ಕಂಡಾಗಲೆಲ್ಲ ಮನಸ್ಸನ್ನು ಕಾಡುತ್ತದೆ. 1972ರ ಜುಲೈನಲ್ಲಿ ಅಮೆರಿಕ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹವನ್ನು ಹಾರಿಸಿತು. ಅದರ ಮರುವರ್ಷದ ಚಿತ್ರಗಳಿಂದ ಹಿಡಿದು ಈಚಿನವರೆಗಿನ ಚಿತ್ರಗಳನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಸಾಲಾಗಿ ಇಟ್ಟು ಅಳೆದರು. 1973ರಲ್ಲಿ ನೂರಕ್ಕೆ ಎಂಟರಷ್ಟಿದ್ದ ಕಟ್ಟಡ, ರಸ್ತೆಗಳ ನೆಲ 2012ರ ಹೊತ್ತಿಗೆ ಅರ್ಧವನ್ನೂ ಮೀರಿತ್ತು. ಒಂದು ತಲೆಮಾರಿನ ಆಯುಸ್ಸಿನೊಳಗೆ ಒಂದು ಊರು ತನ್ನ ಮೈಬಣ್ಣವನ್ನೇ ಬದಲಿಸಿಕೊಂಡಿತು. ಆ ಲೆಕ್ಕ ಈಗ ಎಲ್ಲರ ಬಾಯಲ್ಲಿದೆ. ನನ್ನ ಗಮನ ಹೋಗುವುದು ಲೆಕ್ಕಕ್ಕಲ್ಲ, ಲೆಕ್ಕ ಸಾಧ್ಯವಾದ ಬಗೆಗೆ.

ಹಳೆಯ ನಕಾಶೆಯನ್ನು ಹೊಸ ಚಿತ್ರದ ಮೇಲೆ ಕೂರಿಸುವುದು ಸುಲಭವಲ್ಲ. ಕಾಗದ ಕುಗ್ಗಿರುತ್ತದೆ, ಬಟ್ಟೆಗೆ ಅಂಟಿಸಿದ್ದು ಜಗ್ಗಿರುತ್ತದೆ, ಬರೆದವನ ಅಳತೆಯೂ ಅಲ್ಲಲ್ಲಿ ತಪ್ಪಿರುತ್ತದೆ. ಹಾಗಾಗಿ ಮೊದಲು ಹುಡುಕಬೇಕಾದದ್ದು ಎರಡರಲ್ಲೂ ಒಂದೇ ಜಾಗದಲ್ಲಿ ನಿಂತಿರುವ ಗುರುತುಗಳನ್ನು. ಒಂದು ದೇವಸ್ಥಾನ, ಕೋಟೆಯ ಮೂಲೆ, ಕೆರೆಯ ಏರಿ, ಎರಡು ದಾರಿ ಕೂಡುವ ಜಾಗ, ಗುಡ್ಡದ ನೆತ್ತಿ. ಇಂಥ ಹತ್ತಾರು ಗುರುತುಗಳನ್ನು ಒಂದಕ್ಕೊಂದು ಗಂಟು ಹಾಕಿದ ಮೇಲೆ ಯಂತ್ರ ಉಳಿದ ಕಾಗದವನ್ನೆಲ್ಲ ಎಳೆದು, ಒತ್ತಿ, ನೆಲಕ್ಕೆ ಸರಿಯಾಗಿ ಹೊಂದಿಸುತ್ತದೆ. ಆಮೇಲಷ್ಟೇ ಯಾವ ಕೆರೆ ಬಯಲಾಯಿತು, ಯಾವ ಬಯಲು ಬಡಾವಣೆಯಾಯಿತು ಎಂದು ಹೇಳಲು ಬರುತ್ತದೆ. ಬದಲಾವಣೆಯನ್ನು ಅಳೆಯಬೇಕಾದರೆ ಬದಲಾಗದ ಏನಾದರೂ ಉಳಿದಿರಲೇಬೇಕು. ಎಲ್ಲವನ್ನೂ ಕೆಡವಿ ಕಟ್ಟಿದ ಊರಿಗೆ ತಾನೆಷ್ಟು ದೂರ ಬಂದೆನೆಂದು ಹೇಳಿಕೊಳ್ಳಲು ಯಾವ ಆಧಾರ ಉಳಿದೀತು?

ಸಂಪಂಗಿ ಕೆರೆಯನ್ನು ನೋಡಿ. ಅದರ ಬಹುಪಾಲು ಕಂಠೀರವ ಕ್ರೀಡಾಂಗಣವಾಯಿತು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಆದರೂ ಸಂಪಂಗಿಯ ಒಂದು ಮೂಲೆಯಲ್ಲಿ ಪುಟ್ಟ ಹೊಂಡವೊಂದು ಉಳಿದಿದೆ. ಉಳಿಸಿದ್ದು ಬೆಂಗಳೂರಿನ ಕರಗ. ವರ್ಷಕ್ಕೊಮ್ಮೆ ಕರಗದ ವಿಧಿಗೆ ಆ ನೀರು ಬೇಕು, ಆದ್ದರಿಂದ ಆ ನೀರು ಇದೆ. ಇತಿಹಾಸಕಾರರು ಹಳೆಯ ನಕಾಶೆಗಳಲ್ಲಿ ಹುಡುಕಿ ತೆಗೆದ ಕೆರೆಯನ್ನು ಕರಗ ನಡೆಸುವ ತಿಗಳ ಸಮುದಾಯದ ಭಕ್ತಿ ಯಾವ ಕಾಗದದ ನೆರವೂ ಇಲ್ಲದೆ ಅದೇ ಜಾಗದಲ್ಲಿ ಗುರುತಿಸುತ್ತ ಬಂದಿದೆ. ಇದನ್ನು ಬರೀ ಆಚರಣೆ ಎಂದು ಕರೆದು ಬದಿಗಿಡಬಹುದೇ? ನೆಲದ ಮೇಲೆ ಕಾಲಿಂದ ಬರೆದು, ವರ್ಷವರ್ಷ ತಿದ್ದಿದ ನಕಾಶೆ ಅದು.

ನಮ್ಮ ಉತ್ತರ ಕನ್ನಡದ ಕರಾವಳಿಗೂ ಅಂಥ ನಕಾಶೆ ಇದೆ. ಧಾರೇಶ್ವರದಲ್ಲಿ ಬಾಳುವವರು ಅದರೊಳಗೇ ಬಾಳುತ್ತಾರೆ. ರಾವಣನ ಆತ್ಮಲಿಂಗದ ಕಥೆ ಗೋಕರ್ಣ, ಸಜ್ಜೇಶ್ವರ, ಧಾರೇಶ್ವರ, ಗುಣವಂತೆ, ಮುರ್ಡೇಶ್ವರಗಳನ್ನು ಒಂದೇ ಎಳೆಯಲ್ಲಿ ಪೋಣಿಸಿದೆ. ಒಂದೇ ದಿನದಲ್ಲಿ ಪಂಚಕ್ಷೇತ್ರಗಳ ದರ್ಶನ ಮುಗಿಸುವ ಇಂದಿನ ಯಾತ್ರಿಕನಿಗೆ ಅದು ಕಾರಿನ ದಾರಿ. ನಡೆದು ಹೋಗುತ್ತಿದ್ದವನಿಗೆ ಮಾತ್ರ ಅದು ಹೊಳೆ, ತಾರಿ, ಗುಡ್ಡ, ಬೇಲೆಗಳ ಲೆಕ್ಕವಾಗಿತ್ತು. ಕಥೆ ಹೇಳುವ ಅಜ್ಜಿ ಮೊಮ್ಮಕ್ಕಳಿಗೆ ಕರಾವಳಿಯ ಉದ್ದವನ್ನೂ ಅದರ ನಿಲ್ದಾಣಗಳನ್ನೂ ಒಟ್ಟಿಗೇ ಕಲಿಸಿಬಿಡುತ್ತಿದ್ದಳು. ಧಾರಾನಾಥನ ಗುಡಿ ಇಂದಿಗೂ ಹಳೆಯ ನಕಾಶೆಯಲ್ಲೂ ಉಪಗ್ರಹದ ಚಿತ್ರದಲ್ಲೂ ಒಂದೇ ಜಾಗದಲ್ಲಿ ಸಿಗುವ ಗುರುತು. ಅಳಿವೆಗಳನ್ನು ಮಾತ್ರ ಹಾಗೆ ನಂಬಲಾಗದು. ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುವ ಕಡೆ ಮರಳಿನ ದಿಣ್ಣೆ ಕಾಲಕಾಲಕ್ಕೆ ಬೆಳೆಯುತ್ತದೆ, ಕರಗುತ್ತದೆ, ಬೇರೆಡೆಗೆ ವಾಲುತ್ತದೆ. ಅಲ್ಲಿ ಗೆರೆ ಎಳೆದವನ ಕೈಗಿಂತ ಹೊಳೆಯ ಕೈ ದೊಡ್ಡದು.

ಬೆಳೆಯುವುದೆಂದರೆ ಒಂದೇ ದಿಕ್ಕಿಗೆ ಸಾಗುವುದು ಎಂಬ ನಂಬಿಕೆಯನ್ನೂ ನಮ್ಮ ಜಿಲ್ಲೆ ಒಪ್ಪುವುದಿಲ್ಲ. ಗೇರುಸೊಪ್ಪೆಯ ಮೇಲೆ ಹಾದ ಉಪಗ್ರಹಕ್ಕೆ ಕಾಣುವುದು ದಟ್ಟ ಹಸಿರು. ಆ ಹಸಿರಿನ ಕೆಳಗೆ 16ನೇ ಶತಮಾನದ ಒಂದು ರಾಜಧಾನಿ ಇದೆ. ಪೋರ್ಚುಗೀಸರಿಂದ ಕಾಳುಮೆಣಸಿನ ರಾಣಿ ಎನಿಸಿಕೊಂಡ ಚೆನ್ನಭೈರಾದೇವಿಯ ಊರು ಅದು. ನಾಲ್ಕು ಬಾಗಿಲಿನ ಚತುರ್ಮುಖ ಬಸದಿ ಈಗ ಕಾಡಿನ ನಡುವೆ ನಿಂತಿದೆ. ಯಂತ್ರ ಅದನ್ನು ಅರಣ್ಯ ಎಂದು ಬರೆದುಕೊಳ್ಳುತ್ತದೆ, ಅದು ತಪ್ಪೂ ಅಲ್ಲ. ಕುಮಟೆಯದು ಇನ್ನೊಂದು ಬಗೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಅಂದರೆ 1861ರಿಂದ 1865ರವರೆಗೆ, ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತುಹೋಯಿತು. ಆಗ ಧಾರವಾಡ ಸೀಮೆಯ ಹತ್ತಿಯ ಅಂಡಿಗೆಗಳು ಘಟ್ಟ ಇಳಿದು ಕುಮಟೆಯ ಬಂದರಿಗೆ ಬಂದವು. ದೂರದ ಮಾರುಕಟ್ಟೆಯಲ್ಲಿ ಆ ಹತ್ತಿಗೆ ಕುಮಟೆಯ ಹೆಸರೇ ಅಂಟಿತು. ಆಮೇಲೆ ಘಟ್ಟದ ಮೇಲೆ ರೈಲು ಬಂತು, ಹತ್ತಿ ಬೇರೆ ದಾರಿ ಹಿಡಿಯಿತು, ಬಂದರು ತಣ್ಣಗಾಯಿತು. ಊರುಗಳು ಉಸಿರಾಡುತ್ತವೆ, ಒಳಗೆ ಎಳೆದುಕೊಂಡದ್ದನ್ನು ಹೊರಗೂ ಬಿಡುತ್ತವೆ. ಐವತ್ತು ವರ್ಷಗಳ ಚಿತ್ರಗಳನ್ನಷ್ಟೇ ಕಂಡ ಉಪಗ್ರಹಕ್ಕೆ ಇದು ಹೇಗೆ ತಿಳಿದೀತು?

ನಮ್ಮ ನೆಲ ಉಪಗ್ರಹಕ್ಕೆ ಒಗ್ಗುವ ನೆಲವೂ ಅಲ್ಲ. ಮೊದಲ ಲ್ಯಾಂಡ್‌ಸ್ಯಾಟ್‌ನ ಒಂದು ಚುಕ್ಕಿ ನೆಲದ ಮೇಲೆ ಸುಮಾರು 80 ಮೀಟರಿನ ಚೌಕ. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 63 ಗುಂಟೆ. ಅಷ್ಟರೊಳಗೆ ನಮ್ಮಲ್ಲಿ ನಾಲ್ಕಾರು ಮನೆ, ಹಿತ್ತಲು, ಬಾವಿ, ಗದ್ದೆಯ ತುಂಡು, ಒಂದು ಭೂತಪ್ಪನ ಕಟ್ಟೆ ಎಲ್ಲವೂ ಹಿಡಿಯುತ್ತವೆ. ಮೇಲೆ ತೆಂಗಿನ ನೆರಳು. 1970ರಲ್ಲಿ ವಿಜ್ಞಾನಿ ಪಿ.ಆರ್. ಪಿಶಾರೋಟಿಯವರು ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅವಕೆಂಪು ಫಿಲ್ಮಿನಲ್ಲಿ ಚಿತ್ರ ತೆಗೆದು ಸೊರಗು ರೋಗ ಹಿಡಿದ ಮರಗಳನ್ನು ಬೇರೆಯಾಗಿ ಕಂಡರು. ಭಾರತದಲ್ಲಿ ದೂರಸಂವೇದನೆಯ ಕೆಲಸ ಶುರುವಾದದ್ದೇ ಹಾಗೆ, ತೆಂಗಿನ ತಲೆಯನ್ನು ಮೇಲಿಂದ ನೋಡುವುದರಿಂದ. ಇಂದು ಅದೇ ತೆಂಗಿನ ತಲೆ ನಮ್ಮ ಊರುಗಳ ಬೆಳವಣಿಗೆಯನ್ನು ಮರೆಮಾಡುತ್ತದೆ. ಬಯಲುಸೀಮೆಯಲ್ಲಿ ಹೊಸ ಮನೆ ಎದ್ದರೆ ಆಕಾಶಕ್ಕೆ ತಕ್ಷಣ ಕಾಣುತ್ತದೆ. ನಮ್ಮಲ್ಲಿ ಹೆಂಚಿನ ಮನೆ ಹೋಗಿ ಎರಡಂತಸ್ತಿನ ತಾರಸಿ ಬಂದರೂ ಮರ ಉಳಿದಿದ್ದರೆ ಚುಕ್ಕಿ ಹಸಿರಾಗಿಯೇ ಇರುತ್ತದೆ.

ಇದಕ್ಕೆ ಹೋಲಿಸಿದರೆ ಹಳೆಯ ಸರಪಳಿಯ ಅಳತೆ ಎಷ್ಟೋ ಸೂಕ್ಷ್ಮ. ನಮ್ಮ ಜಿಲ್ಲೆ 1862ರಲ್ಲಿ ಮುಂಬಯಿ ಇಲಾಖೆಗೆ ಸೇರಿದ ಮೇಲೆ ಮುಂಬಯಿಯ ಕಂದಾಯ ಅಳತೆ ಇಲ್ಲಿಗೂ ಬಂತು. 33 ಅಡಿಯ ಸರಪಳಿ, ಅದರ ಚೌಕ ಒಂದು ಗುಂಟೆ, 40 ಗುಂಟೆಗೆ ಎಕರೆ. ಗ್ರಾಮ ನಕಾಶೆಯನ್ನು ಮೇಜಿನ ಮೇಲೆ ಬಿಡಿಸಿಟ್ಟು ಸಾವಕಾಶವಾಗಿ ನೋಡಬೇಕು. ಸರ್ವೆ ನಂಬರುಗಳ ಅಂಕುಡೊಂಕು ಚೌಕಗಳು, ಬಾಂದುಕಲ್ಲಿನ ಗುರುತುಗಳು, ಚುಕ್ಕಿಚುಕ್ಕಿಯಾಗಿ ಹೋದ ಕಾಲುದಾರಿ. ಇವೆಲ್ಲವುಗಳ ನಡುವೆ, ಗುಡ್ಡದ ಬುಡದಿಂದ ಹೊರಟು ಗದ್ದೆಗಳನ್ನು ಸೀಳಿಕೊಂಡು ಸಮುದ್ರದ ಕಡೆಗೆ ಹರಿದ ಜೋಡಿ ಗೆರೆ. ಅದು ಹಳ್ಳ. ಬೇಸಗೆಯಲ್ಲಿ ಅದರಲ್ಲಿ ದನ ಮೇಯುತ್ತವೆ, ಮಕ್ಕಳು ಚೆಂಡಾಡುತ್ತಾರೆ. ಹೊಸದಾಗಿ ಜಾಗ ಕೊಳ್ಳಲು ಬಂದವರಿಗೆ ಅದು ಬರಿದೇ ಬಿದ್ದ ನೆಲದಂತೆ ಕಾಣುತ್ತದೆ. ಉಪಗ್ರಹಕ್ಕೂ ಹಾಗೆಯೇ ಕಾಣುತ್ತದೆ.

ಇಲ್ಲಿಗೆ ಬಂದಾಗ ಒಂದು ವಿಷಯ ನನ್ನನ್ನು ಬಲವಾಗಿ ಹಿಡಿದು ನಿಲ್ಲಿಸುತ್ತದೆ. ಹಳೆಯ ಅಳತೆಗಾರರ ಕೆಲಸಕ್ಕೆ ಒಂದು ಋತುವಿತ್ತು. ಮಳೆ ನಿಂತು ನೆಲ ಆರಿದ ಮೇಲೆ ಸರಪಳಿ ಹೊತ್ತು ಹೊರಡುತ್ತಿದ್ದರು, ಮುಂದಿನ ಮಳೆಗೆ ಮುಂಚೆ ಬಿಡಾರ ಕೀಳುತ್ತಿದ್ದರು, ಮಳೆಗಾಲವಿಡೀ ಕಚೇರಿಯಲ್ಲಿ ಕುಳಿತು ನಕಾಶೆ ಬರೆಯುತ್ತಿದ್ದರು. ನಾಡಿನ ಸಮೀಕ್ಷೆಗೆ ಹೊರಟ ಫ್ರಾನ್ಸಿಸ್ ಬುಕಾನನ್ ಹೊನ್ನಾವರ, ಗೋಕರ್ಣಗಳನ್ನು ಹಾದು ಹೋದದ್ದೂ 1801ರ ಮೊದಲ ತಿಂಗಳುಗಳಲ್ಲಿ, ಒಣಗಾಲದಲ್ಲಿಯೇ. ಇನ್ನು ಉಪಗ್ರಹ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರ ಕಣ್ಣಿಗೂ ನಮ್ಮ ನೆಲಕ್ಕೂ ನಡುವೆ ಮೋಡದ ಚಪ್ಪರ. ಬೆಳವಣಿಗೆಯನ್ನು ಅಳೆಯುವವರು ಆರಿಸಿಕೊಳ್ಳುವುದು ಮೋಡವಿಲ್ಲದ ಚಿತ್ರಗಳನ್ನು, ಎಂದರೆ ಡಿಸೆಂಬರ್, ಜನವರಿ, ಫೆಬ್ರವರಿಯ ಚಿತ್ರಗಳನ್ನು. ಹೀಗೆ ಇನ್ನೂರು ವರ್ಷಗಳಿಂದ ನಮ್ಮ ನೆಲವನ್ನು ದಾಖಲಿಸಿದವರೆಲ್ಲ ಅದನ್ನು ಬಿಸಿಲಲ್ಲಿ ನೋಡಿದ್ದಾರೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಾಡಿನ ದಾಖಲೆಯಲ್ಲಿ ಮಳೆಯೇ ಇಲ್ಲ.

ಅದರಿಂದ ಏನು ನಷ್ಟವಾಯಿತು? ಅಘನಾಶಿನಿಯ ಗಜನಿ ಭೂಮಿಯನ್ನು ನೋಡಿದರೆ ತಿಳಿಯುತ್ತದೆ. ಮಳೆ ಬಂದು ಉಪ್ಪನ್ನು ತೊಳೆದ ಮೇಲೆ ಅಲ್ಲಿ ಕಗ್ಗ ಭತ್ತ ನಿಲ್ಲುತ್ತದೆ. ಉಪ್ಪುನೀರನ್ನೂ ನೆರೆಯನ್ನೂ ತಾಳಿಕೊಳ್ಳುವ ತಳಿ, ಮಾಣಿಕಟ್ಟಾದಂಥ ಕಡೆ ಇಂದಿಗೂ ರೈತರು ಕಾಪಾಡಿಕೊಂಡು ಬಂದದ್ದು. ಕೊಯ್ಲು ಮುಗಿದ ಮೇಲೆ ಒಡ್ಡಿನ ಬಾಗಿಲು ತೆರೆದು ಭರತದ ನೀರನ್ನು ಒಳಗೆ ಬಿಡುತ್ತಾರೆ. ಮುಂದಿನ ಮಳೆಯ ತನಕ ಅದು ಮೀನು, ಸೀಗಡಿಯ ನೀರು. ಜನವರಿಯ ಚಿತ್ರದಲ್ಲಿ ಅದು ಹೊಳೆಯ ಹಿನ್ನೀರು, ಇಲ್ಲವೇ ಪಾಳು ಜೌಗು. ಅಲ್ಲೊಂದು ಭತ್ತದ ಸಂಸ್ಕೃತಿ ಇದೆ ಎಂದು ಆ ಚಿತ್ರಕ್ಕೆ ಗೊತ್ತಾಗುವುದಿಲ್ಲ. ಪಾಳು ಎಂದು ಬರೆದ ನೆಲಕ್ಕೆ ಯಾರ ಕಣ್ಣು ಬೀಳುತ್ತದೆ ಎಂಬುದು ನಮಗೆಲ್ಲ ತಿಳಿದಿದೆ. 2024ರಲ್ಲಿ ಅಘನಾಶಿನಿಯ ಅಳಿವೆಗೆ, ಮಹತ್ವದ ಜೌಗು ನೆಲಗಳಿಗೆ ಸಲ್ಲುವ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಅದರ ಹಿಂದೆ ಮಳೆಯಲ್ಲೂ ಬಿಸಿಲಲ್ಲೂ ಆ ಕೆಸರಿನಲ್ಲಿ ನಿಂತು ನೋಡಿದವರ ವರ್ಷಗಟ್ಟಲೆಯ ದುಡಿಮೆ ಇದೆ ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು.

ಈಗ ಚಿತ್ರವನ್ನು ತುಸು ಮೇಲಕ್ಕೆತ್ತಿ, ಕುಮಟೆಯಿಂದ ಭಟ್ಕಳದವರೆಗಿನ ಉದ್ದವನ್ನು ಒಟ್ಟಿಗೆ ನೋಡೋಣ. ಮೂಡಲಲ್ಲಿ ಘಟ್ಟ, ಪಡುವಲಲ್ಲಿ ಕಡಲು, ನಡುವೆ ಅಗಲ ಕಡಿಮೆಯಾದ ನೆಲದ ಪಟ್ಟಿ. ನೀರೆಲ್ಲ ಮೂಡಲಿಂದ ಪಡುವಲಿಗೆ ಹರಿಯುತ್ತದೆ. ನಾವು ಕಟ್ಟಿದ್ದೆಲ್ಲ ತೆಂಕಣದಿಂದ ಬಡಗಣಕ್ಕೆ ಸಾಗುತ್ತದೆ. ಮೊದಲು ಗಾಡಿದಾರಿ, ಆಮೇಲೆ ಡಾಂಬರು ರಸ್ತೆ, 1998ರಲ್ಲಿ ಕೊಂಕಣ ರೈಲು, ಈಚೆಗೆ ಚತುಷ್ಪಥವಾದ 66ನೇ ಹೆದ್ದಾರಿ. ಊರುಗಳು ಈ ಗೆರೆಗಳಿಗೆ ಅಂಟಿಕೊಂಡು ಉದ್ದುದ್ದ ಬೆಳೆದಿವೆ. ಕುಮಟೆಯ ಪೇಟೆ ತೆಂಕಣಕ್ಕೆ ಕೈ ಚಾಚಿದೆ, ಹೊನ್ನಾವರ ಬಡಗಣಕ್ಕೆ ಚಾಚಿದೆ, ನಡುವಿನ ಧಾರೇಶ್ವರ, ಹಳದಿಪುರಗಳು ಒಂದು ಊರು ಮುಗಿದು ಇನ್ನೊಂದು ಶುರುವಾಗುವ ಅಂತರವನ್ನೇ ಮರೆಯುತ್ತಿವೆ. ಇದು ಬೆಳವಣಿಗೆಯೇ, ಅನುಮಾನವಿಲ್ಲ. ಹೆದ್ದಾರಿ ಬಂದದ್ದರಿಂದ ಆಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ತಲುಪಿದ ಜೀವಗಳನ್ನು ನಾವು ಕಂಡಿದ್ದೇವೆ, ರೈಲು ಬಂದದ್ದರಿಂದ ಓದಲು ಹೊರಟ ಮಕ್ಕಳನ್ನೂ ಕಂಡಿದ್ದೇವೆ. ಆದರೆ ನಮ್ಮ ಗೆರೆಗಳು ಪ್ರತಿ ಹಳ್ಳವನ್ನೂ ಅಡ್ಡಗಟ್ಟಿ ದಾಟುತ್ತವೆ. ಮನುಷ್ಯನ ದಾರಿಯೂ ನೀರಿನ ದಾರಿಯೂ ಸಂಧಿಸುವ ಜಾಗದಲ್ಲಿ ನಾವು ಬಿಟ್ಟುಕೊಟ್ಟದ್ದು ಒಂದು ಮೋರಿಯ ಅಗಲ ಮಾತ್ರ. ಆ ಅಗಲವನ್ನು ಗೊತ್ತುಮಾಡುವಾಗ ಆಷಾಢದ ಹಳ್ಳವನ್ನು ಕಂಡವರನ್ನು ಯಾರಾದರೂ ಕೇಳಿದ್ದರೇ?

2022ರ ಆಗಸ್ಟ್ ಮೊದಲ ವಾರದಲ್ಲಿ ಭಟ್ಕಳದಲ್ಲಿ ಒಂದು ರಾತ್ರಿ ಸುರಿದ ಮಳೆಗೆ ಪೇಟೆಯೂ ಹೆದ್ದಾರಿಯೂ ಮುಳುಗಿದವು. ಮುಟ್ಟಳ್ಳಿಯಲ್ಲಿ ಗುಡ್ಡ ಜಾರಿ ಮನೆಯ ಮೇಲೆ ಬಿದ್ದು ನಾಲ್ವರು ಪ್ರಾಣ ಬಿಟ್ಟರು. ಅದೇ ತಿಂಗಳ ಕೊನೆ ಮತ್ತು ಸೆಪ್ಟೆಂಬರ್ ಆರಂಭದಲ್ಲಿ ಬೆಂಗಳೂರಿನ ಬೆಳ್ಳಂದೂರು ಸುತ್ತಿನ ಹೊಸ ಬಡಾವಣೆಗಳಿಗೆ ದೋಣಿ ಬಂದವು. ಆಗ ಅಧಿಕಾರಿಗಳು ಹುಡುಕಿ ತೆಗೆದದ್ದು ಹಳೆಯ ಗ್ರಾಮ ನಕಾಶೆಗಳನ್ನೇ, ರಾಜಕಾಲುವೆಯ ಜೋಡಿ ಗೆರೆ ಯಾರ ಗೋಡೆಯ ಕೆಳಗೆ ಹೋಗಿದೆ ಎಂದು ತಿಳಿಯಲು. 2024ರ ಜುಲೈ 16ರ ಬೆಳಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಕುಸಿದು, ಚಹಾ ಕುಡಿಯಲು ನಿಂತವರನ್ನೂ ರಸ್ತೆಯಲ್ಲಿದ್ದವರನ್ನೂ ಗಂಗಾವಳಿಗೆ ನೂಕಿತು. ಈ ಮೂರೂ ಕಡೆ ಜನವರಿಯ ಚಿತ್ರ ಸುಂದರವಾಗಿಯೇ ಇತ್ತು. ರಸ್ತೆ ನೇರವಾಗಿತ್ತು, ಗುಡ್ಡ ಹಸಿರಾಗಿತ್ತು, ಬಡಾವಣೆಯ ಚೌಕಗಳು ಅಚ್ಚುಕಟ್ಟಾಗಿದ್ದವು. ಊರು ತನ್ನ ನಿಜರೂಪವನ್ನು ತೋರುವುದು ಮಳೆ ಹಿಡಿದು ಬಡಿದಾಗ ಎಂದಾದರೆ, ಬಿಸಿಲಿನ ಅಳತೆಯನ್ನೇ ನಂಬಿ ನಾವು ಮನೆ ಕಟ್ಟುವುದು ಸರಿಯೇ?

ಮೋಡವನ್ನು ತೂರಿ ನೋಡುವ ರೇಡಾರ್ ಉಪಗ್ರಹಗಳು ಈಗ ಇವೆ. ನಮ್ಮ ಇಸ್ರೋ 2012ರಲ್ಲೇ ರಿಸ್ಯಾಟ್-1ನ್ನು ಹಾರಿಸಿತ್ತು, ಯುರೋಪಿನವರ ಸೆಂಟಿನೆಲ್-1ರ ಚಿತ್ರಗಳು ಎಲ್ಲರಿಗೂ ಉಚಿತವಾಗಿ ಸಿಗುತ್ತವೆ. ನೆರೆ ಬಂದಾಗ ನೀರು ಎಲ್ಲೆಲ್ಲಿ ಹರಡಿತೆಂದು ಅವು ತೋರಿಸಬಲ್ಲವು. ಇದು ಸಣ್ಣ ಸಾಧನೆಯಲ್ಲ, ಇದನ್ನು ಸಾಧಿಸಿದವರಿಗೆ ಕೈಮುಗಿಯಬೇಕು. ಆದರೂ ಅವು ದಿನಗಳ ಅಂತರದಲ್ಲಿ ಮೇಲೆ ಹಾದು ಹೋಗುವಂಥವು. ನಮ್ಮ ಹಳ್ಳಗಳು ಒಂದು ಜಾವದಲ್ಲಿ ಏರಿ ಇನ್ನೊಂದು ಜಾವದಲ್ಲಿ ಇಳಿದುಬಿಡುತ್ತವೆ. ನಡುರಾತ್ರಿ ಅಂಗಳದ ಎಷ್ಟನೇ ಮೆಟ್ಟಿಲಿಗೆ ನೀರು ಬಂತು, ಯಾರ ಗದ್ದೆಯ ಹಾಳಿ ಮೊದಲು ಒಡೆಯಿತು, ಹಳ್ಳ ಯಾವ ತಿರುವಿನಲ್ಲಿ ದಡ ಬಿಟ್ಟು ಹೊರಳಿತು ಎಂದು ಬಲ್ಲವರು ಆ ರಾತ್ರಿ ಲಾಟೀನು ಹಿಡಿದು ಎಚ್ಚರವಿದ್ದವರೇ.

ಅವರು ಇನ್ನೂ ನಮ್ಮ ನಡುವೆ ಇದ್ದಾರೆ. ಇನ್ನು ಎಷ್ಟು ಮಳೆಗಾಲ ಇರುತ್ತಾರೆ ಎಂದು ಹೇಳಲಾಗದು. ಅವರ ನೆನಪಿನಲ್ಲಿರುವುದೇ ನಮ್ಮ ನಕಾಶೆಯಲ್ಲಿ ಇಲ್ಲದ ಆ ಪದರ. ಅದನ್ನು ಕಾಗದಕ್ಕೆ ಇಳಿಸಲು ದೊಡ್ಡ ಯೋಜನೆ ಬೇಕೇ? ನಮ್ಮ ಪ್ರೌಢಶಾಲೆಯ ಮಕ್ಕಳ ಕೈಗೆ ಗ್ರಾಮ ನಕಾಶೆಯ ಒಂದು ಪ್ರತಿ, ಅದೇ ಅಳತೆಯ ಒಂದು ಉಪಗ್ರಹ ಚಿತ್ರ, ಒಂದು ನೀಲಿ ಪೆನ್ಸಿಲು ಕೊಟ್ಟರೆ ಸಾಕು. ಆಷಾಢದಲ್ಲಿ ಕೇರಿಕೇರಿಗೆ ಹೋಗಿ, ಜಗಲಿಯ ಮೇಲೆ ಕುಳಿತ ಹಿರಿಯರನ್ನು ಕೇಳಿ, ನೀರು ಬರುವ ದಾರಿ, ನಿಲ್ಲುವ ಜಾಗ, ಜಾರುವ ಗುಡ್ಡ ಇವನ್ನು ಗುರುತು ಹಾಕಲಿ. ಅಜ್ಜ ಒಂದು ಹೇಳಿ, ಅಜ್ಜಿ ಇನ್ನೊಂದು ಹೇಳಿದರೆ ಎರಡನ್ನೂ ಬರೆದುಕೊಳ್ಳಲಿ, ಮುಂದಿನ ಮಳೆಯಲ್ಲಿ ಹೋಗಿ ನಿಂತು ನೋಡಲಿ. ನೆಲವನ್ನು ಓದುವ ಪಾಠ ಅದಕ್ಕಿಂತ ಚೆನ್ನಾಗಿ ಯಾವ ತರಗತಿಯಲ್ಲಿ ಸಿಕ್ಕೀತು?

2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ಮೇಲೆ ಡ್ರೋನ್ ಹಾರಿಸಿ ಮನೆಮನೆಯ ಎಲ್ಲೆ ಗುರುತಿಸುತ್ತಿದ್ದಾರೆ, ಆಸ್ತಿಗೆ ಕಾರ್ಡು ಕೊಡುತ್ತಿದ್ದಾರೆ. ಎಷ್ಟೋ ಕುಟುಂಬಗಳಿಗೆ ಅದು ಮೊದಲ ದಾಖಲೆ, ಬೆಲೆಯುಳ್ಳದ್ದು. ಡ್ರೋನೂ ಹಾರುವುದು ಮಳೆ ಬಿಟ್ಟ ದಿನಗಳಲ್ಲೇ. ಆ ಹೊಸ ನಕಾಶೆಗಳು ಅಂತಿಮವಾಗುವ ಮೊದಲೇ ಮಕ್ಕಳು ಎಳೆದ ನೀಲಿ ಗೆರೆಗಳು ಪಂಚಾಯಿತಿಯ ಮೇಜಿಗೆ ಬರಬೇಕು. ಮನೆ ಕಟ್ಟುವ ಪರವಾನಗಿಗೆ ಸಹಿ ಹಾಕುವವರು ಹಳ್ಳದ ಜೋಡಿ ಗೆರೆಯನ್ನೂ ಅದರ ಪಕ್ಕದ ನೀಲಿಯನ್ನೂ ನೋಡಿಯೇ ಸಹಿ ಹಾಕುವಂತಾಗಬೇಕು. ಮನೆಮನೆಗೂ ಕಾರ್ಡು ಹಂಚುವ ಹೊತ್ತಿನಲ್ಲಿ ಹಳ್ಳದ ಪಾಲಿನ ನೆಲವನ್ನೂ ಹಳ್ಳದ ಹೆಸರಿಗೇ ಬರೆದಿಡಲು ನಮ್ಮ ಗ್ರಾಮಸಭೆಗಳು ಈ ವರ್ಷವೇ ಗೊತ್ತುವಳಿ ಮಾಡಬಹುದು.